ಚಿಪ್ ಮಲಗಿದರೂ ಬ್ಯಾಟರಿ ಬರಿದಾಗುವುದೇಕೆ?



ತೋಟದ ಮಣ್ಣಿನ ತೇವ ಅಳೆಯಲು ನಾವು ಇಡುವ ಸಣ್ಣ ಉಪಕರಣದ ಬ್ಯಾಟರಿ ಒಂದೇ ತಿಂಗಳೊಳಗೆ ಮುಗಿಯುವುದುಂಟು. ಅಡಿಕೆಗೆ ನೀರು ಬಿಡುವ ಬೇಸಿಗೆಯಲ್ಲೇ ಅದು ನಿಂತುಹೋದರೆ ನಷ್ಟ ನಮ್ಮದೇ. ಇದಕ್ಕೆ ಕಾರಣ ಬಹುಮಟ್ಟಿಗೆ ಚಿಪ್ ಅಲ್ಲ, ಅದರ ನೆರೆಹೊರೆ.

ಅಟ್‌ಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್ ಗಾಢ ನಿದ್ರೆಯಲ್ಲಿ, 3 ವೋಲ್ಟಿನಲ್ಲಿ, ಅದನ್ನು ಎಬ್ಬಿಸುವ ಒಳಗಿನ ಟೈಮರ್ ನಡೆಯುತ್ತಿದ್ದರೂ, 0.01 ಮಿಲಿಆಂಪಿಯರಿಗಿಂತ ಕಡಿಮೆ ವಿದ್ಯುತ್ ಎಳೆಯುತ್ತದೆ. ಆದರೆ ಹಲವು ಬೋರ್ಡುಗಳಲ್ಲಿರುವ 1117 ಜಾತಿಯ ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ದಿನಕ್ಕೆ 120 ಮಿಲಿಆಂಪಿಯರ್-ಗಂಟೆ ಆಯಿತು. 2400ರ ಬ್ಯಾಟರಿ 20 ದಿನಕ್ಕೆ ಖಾಲಿ.

ಮಾಡಬೇಕಾದ್ದು ಇಷ್ಟು:

1. ಸದಾ ಉರಿಯುವ ಎಲ್‌ಇಡಿ ದೀಪವನ್ನು ತೆಗೆಯಿರಿ.
2. ರೆಗ್ಯುಲೇಟರ್ ಬಿಟ್ಟು, ಎರಡು ಎಎ ಸೆಲ್‌ಗಳಿಂದ ನೇರವಾಗಿ ಚಿಪ್‌ಗೆ 3 ವೋಲ್ಟ್ ಕೊಡಿ. ವೇಗ 8 ಮೆಗಾಹರ್ಟ್ಸ್ ಮೀರದಿರಲಿ.
3. ಮಲಗುವ ಮುನ್ನ ಎಡಿಸಿ ಮತ್ತು ಬ್ರೌನ್-ಔಟ್ ಕಾವಲನ್ನು ನಿಲ್ಲಿಸುವಂತೆ ಪ್ರೋಗ್ರಾಂ ಬರೆಯಿರಿ.
4. ಸೆನ್ಸರಿಗೆ ಅಳೆಯುವ ಹೊತ್ತಿನಲ್ಲಿ ಮಾತ್ರ ವಿದ್ಯುತ್ ಕೊಡಿ.

ಕೊನೆಗೆ, ಬ್ಯಾಟರಿಯ ತಂತಿಯ ನಡುವೆ ಮಲ್ಟಿಮೀಟರ್ ಜೋಡಿಸಿ, ಚಿಪ್ ಮಲಗಿರುವಾಗ ಅಳೆದು ನೋಡತಕ್ಕದ್ದು. ಅಳೆಯದೆ ತೋಟಕ್ಕೆ ಒಯ್ದರೆ ಶ್ರಮ ವ್ಯರ್ಥ ಎಂಬುದನ್ನು ನಾವು ಮರೆಯಬಾರದು.