ಕಾರಿನ ಕೇಬಲ್ ಥ್ರಾಟಲ್‌ಗೆ ಮನೆಯಲ್ಲೇ ಕೈ ಹಾಕುವವರ ಗಮನಕ್ಕೆ

ಮಾರುತಿ 800, ಓಮ್ನಿ, ಹಳೆಯ ಝೆನ್, ಎಸ್ಟೀಮ್, ಜಿಪ್ಸಿ ಇಟ್ಟುಕೊಂಡವರಿಗೆ ಈ ಸೂಚನೆ. ಅಂದರೆ ಆಕ್ಸಿಲರೇಟರ್ ತುಳಿದರೆ ಉಕ್ಕಿನ ತಂತಿಯೊಂದು ಎಂಜಿನ್ ಬಳಿಯ ಥ್ರಾಟಲ್ ತಟ್ಟೆಯನ್ನು ನೇರವಾಗಿ ಎಳೆಯುವ ಗಾಡಿಗಳಿಗೆ. ಈಗಿನ ಕಾರುಗಳಲ್ಲಿ ಆ ತಂತಿ ಇಲ್ಲ. ಪೆಡಲ್ ಬಳಿ ಸೆನ್ಸರ್, ಥ್ರಾಟಲ್ ಬಳಿ ಮೋಟಾರು. ಅಂಥ ಗಾಡಿ ನಿಮ್ಮದಾದರೆ ಇಗ್ನಿಷನ್ ಆನ್ ಇಟ್ಟು ಥ್ರಾಟಲಿನ ಬಾಯಿಗೆ ಬೆರಳು ಹಾಕಬೇಡಿ, ತಟ್ಟೆಯನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಉಳಿದದ್ದು ನಿಮಗೆ ಬೇಕಾಗಿಲ್ಲ.

ಥ್ರಾಟಲ್ ತೆರೆಯುವುದು ನಿಮ್ಮ ಕಾಲಿನ ಕೆಲಸ, ಮುಚ್ಚುವುದು ಸ್ಪ್ರಿಂಗಿನ ಕೆಲಸ. ವಿಡಿಯೋ ನೋಡಿ ಪಾನಾ ಹಿಡಿಯುವವರೆಲ್ಲ ತೆರೆಯುವುದರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ: ಬೇಗ ತೆರೆಯಬೇಕು, ದೊಡ್ಡದಾಗಿ ತೆರೆಯಬೇಕು. ಮುಚ್ಚುವುದನ್ನು ಯಾರೂ ಕೇಳುವುದಿಲ್ಲ. ಕಾನೂನು ಕೇಳುವುದು ಮಾತ್ರ ಅದನ್ನೇ. ಅಮೆರಿಕದ ವಾಹನ ಸುರಕ್ಷಾ ನಿಯಮ 124 ಜಾರಿಗೆ ಬಂದದ್ದು 1973ರಲ್ಲಿ. ಸಾಮಾನ್ಯ ಕಾರಿನಲ್ಲಿ ಕಾಲು ತೆಗೆದ ಒಂದು ಸೆಕೆಂಡಿನೊಳಗೆ ಥ್ರಾಟಲ್ ಐಡ್ಲಿಂಗಿಗೆ ಮರಳಬೇಕು, ಮರಳಿಸುವ ಶಕ್ತಿ ಕನಿಷ್ಠ ಎರಡು ಕಡೆಯಿಂದ ಬರಬೇಕು, ಒಂದು ಕೈಕೊಟ್ಟರೂ ಇನ್ನೊಂದು ಮುಚ್ಚಬೇಕು ಎನ್ನುತ್ತದೆ ಅದು. ಬಹಳಷ್ಟು ಥ್ರಾಟಲ್ ಬಾಡಿಗಳಲ್ಲಿ ಒಂದರೊಳಗೆ ಒಂದು ಸುತ್ತಿದ ಜೋಡಿ ಸ್ಪ್ರಿಂಗ್ ಕಾಣುವುದು ಇದಕ್ಕೇ.

ಮಾಡಬಾರದ್ದು

ಪೆಡಲ್ ಹಗುರವಾಗಲಿ ಎಂದು ಆ ಎರಡರಲ್ಲಿ ಒಂದು ಸ್ಪ್ರಿಂಗ್ ಬಿಚ್ಚಬೇಡಿ, ಎಳೆದು ಸಡಿಲ ಮಾಡಬೇಡಿ. ಪೆಡಲ್ ಬಿಗಿಯಾಗಿದ್ದರೆ ತಪ್ಪು ಸಾಮಾನ್ಯವಾಗಿ ಸ್ಪ್ರಿಂಗಿನದಲ್ಲ, ಒಳಗೆ ತುಕ್ಕು ಹಿಡಿದ ಕೇಬಲ್‌ನದು.

ಬೈಕಿನ ಕ್ಲಚ್ ವೈರು ಹಾಕಿ ತುದಿಗೆ ಸ್ಕ್ರೂ ನಿಪ್ಪಲ್ ಬಿಗಿಯಬೇಡಿ. ಇದನ್ನು ನಾನೇ ಮಾಡಿ ಅನುಭವಿಸಿದ್ದೇನೆ. ಸಕಲೇಶಪುರದಲ್ಲಿ ನನ್ನ 800ರ ಕೇಬಲ್ ತುಂಡಾಯಿತು. ಅಂದು ಭಾನುವಾರ, ಸ್ಪೇರ್ ಅಂಗಡಿ ಮುಚ್ಚಿತ್ತು. ಸೈಕಲ್ ಅಂಗಡಿಯವನ ಹತ್ತಿರ ಒಂದು ಇನ್ನರ್ ವೈರು, ಒಂದು ಹಿತ್ತಾಳೆ ನಿಪ್ಪಲ್ ಕೊಂಡು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಬಿಗಿದೆ. ಗಾಡಿ ಚೆನ್ನಾಗಿಯೇ ಓಡಿತು, ಎರಡು ದಿನ. ಮೂರನೆಯ ದಿನ ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಾಲು ತೆಗೆದರೂ ಎಂಜಿನ್ ಕೂಗುವುದು ನಿಲ್ಲಲಿಲ್ಲ. ಎದುರಿಗೆ ತಿರುವು, ತಿರುವಿನಲ್ಲಿ ಟ್ಯಾಂಕರು. ಕೀಲಿ ಒಂದು ಹಲ್ಲು ಹಿಂದಕ್ಕೆ ತಿರುಗಿಸಿ, ಬ್ರೇಕ್ ಒತ್ತಿ ಹಿಡಿದು ಗುಡ್ಡದ ಕಡೆಯ ಚರಂಡಿ ಅಂಚಿಗೆ ನಿಲ್ಲಿಸಿದೆ. ಬಾನೆಟ್ ಎತ್ತಿ ನೋಡಿದರೆ ಬೆಸುಗೆ ಇಲ್ಲದ ತುದಿ ಪೊರಕೆಯಂತೆ ಬಿಚ್ಚಿಕೊಂಡಿತ್ತು. ಅದರ ಒಂದೇ ಒಂದು ಎಳೆ ಬಾಗಿ ತಂತಿಯ ಹೊರಕವಚದ, ಅಂದರೆ ಔಟರಿನ, ಬಾಯಿಗೆ ಸಿಕ್ಕಿತ್ತು. ಕೂದಲಿನಷ್ಟು ತೆಳುವಾದ ಎಳೆ, ಎರಡು ಸ್ಪ್ರಿಂಗಿನ ಬಲವನ್ನೂ ಹಿಡಿದು ನಿಲ್ಲಿಸಿತ್ತು. ಕಂಪನಿ ಕೇಬಲ್‌ನ ತುದಿಗೆ ಗುಂಡು ಎರಕ ಹೊಯ್ದಿರುವುದು ಅಂದಕ್ಕಲ್ಲ.

ಕೇಬಲ್ ಸುತ್ತುವ ಗಾಲಿಯನ್ನು ಚಿಕ್ಕದು ಮಾಡಿ ಪಿಕಪ್ ಹೆಚ್ಚಿತು ಎಂದು ಬೀಗಬೇಡಿ. ಮೊದಲು ಅರ್ಧ ತುಳಿದಾಗ ತೆರೆಯುತ್ತಿದ್ದಷ್ಟು ಈಗ ಕಾಲುಭಾಗ ತುಳಿದಾಗಲೇ ತೆರೆಯುತ್ತದೆ, ಅಷ್ಟೇ. ಎಂಜಿನ್ನಿಗೆ ಒಂದು ಕುದುರೆಯೂ ಹೆಚ್ಚಿಗೆ ಬರುವುದಿಲ್ಲ. ಬದಲಿಗೆ ಪೆಡಲ್ ನೆಲ ಮುಟ್ಟುವ ಮೊದಲೇ ತಟ್ಟೆ ಪೂರ್ತಿ ತೆರೆದು, ನಿಮ್ಮ ಕಾಲಿನ ಭಾರವೆಲ್ಲ ಕೇಬಲ್ ಮೇಲೆ ಬೀಳುತ್ತದೆ. ಪೆಡಲನ್ನು ತಡೆಯಬೇಕಾದದ್ದು ಪೆಡಲಿನ ಸ್ಟಾಪರ್, ಕೇಬಲ್ ಅಲ್ಲ.

ಲೇತ್‌ನಲ್ಲಿ ಥ್ರಾಟಲ್ ಬಾಡಿ ಕೊರೆಸುವ ಹುಚ್ಚು ಇನ್ನೊಂದು. 40 ಮಿಲಿಮೀಟರಿನ ತೂತನ್ನು 44ಕ್ಕೆ ಹಿಗ್ಗಿಸಿದರೆ ಗಾಳಿಯ ದಾರಿ ಲೆಕ್ಕಕ್ಕೆ ಶೇ. 21ರಷ್ಟು ದೊಡ್ಡದಾಗುತ್ತದೆ, ನಿಜ. ಆದರೆ 796 ಸಿಸಿ ಎಂಜಿನ್ ಎಷ್ಟು ಗಾಳಿ ಕುಡಿಯಬೇಕೆಂಬುದನ್ನು ಅದರ ವಾಲ್ವು, ಕ್ಯಾಮು, ಸಿಲಿಂಡರು ನಿರ್ಧರಿಸುತ್ತವೆ. ಬಾಗಿಲು ದೊಡ್ಡದು ಮಾಡಿದ ಮಾತ್ರಕ್ಕೆ ಹೊಟ್ಟೆ ದೊಡ್ಡದಾಗುವುದಿಲ್ಲ. ತಟ್ಟೆಯ ಅಂಚನ್ನು ತೂತಿಗೆ ಸರಿಯಾಗಿ ಕೂರುವಂತೆ ಓರೆಯಾಗಿ ಕಡೆದಿರುತ್ತಾರೆ. ಊರಿನ ಲೇತ್‌ನಲ್ಲಿ ಆ ಓರೆ ಕೂದಲೆಳೆ ತಪ್ಪಿದರೂ ಒಂದೋ ಐಡ್ಲಿಂಗ್ ಏರುತ್ತದೆ, ಇಲ್ಲವೇ ತಟ್ಟೆ ಗೋಡೆಗೆ ಕಚ್ಚಿ ನಿಲ್ಲುತ್ತದೆ. ತಟ್ಟೆ ಹಿಡಿದ ಎರಡು ಪುಟ್ಟ ಸ್ಕ್ರೂಗಳ ಬಾಲವನ್ನು ಕಂಪನಿಯವರು ಜಜ್ಜಿ ಅಗಲಿಸಿರುತ್ತಾರೆ. ಬಿಚ್ಚಿದ ಸ್ಕ್ರೂವನ್ನೇ ಮತ್ತೆ ಹಾಕಿ, ಅದು ಸಡಿಲವಾಗಿ ಬಿದ್ದರೆ ನೇರ ಸಿಲಿಂಡರಿಗೆ. ಆಮೇಲಿನ ಖರ್ಚನ್ನು ನಾನು ಹೇಳಬೇಕಿಲ್ಲ.

ತಟ್ಟೆಯ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಗಾಡಿಯಲ್ಲಿ ಐಡ್ಲಿಂಗ್ ನೋಡಿಕೊಳ್ಳಲು ಬೇರೆ ವಾಲ್ವ್ ಇದೆ. ಸ್ಕ್ರೂ ತಿರುಗಿಸಿ ತಟ್ಟೆಯನ್ನು ತುಸು ತೆರೆದಿಟ್ಟರೆ ಥ್ರಾಟಲ್ ಸೆನ್ಸರಿನ ವೋಲ್ಟೇಜ್ ಏರಿ, ನೀವಿನ್ನೂ ಪೆಡಲ್ ಒತ್ತಿಯೇ ಇದ್ದೀರಿ ಎಂದು ಎಂಜಿನ್ನಿನ ಕಂಪ್ಯೂಟರ್ (ಇಸಿಎಂ) ತಿಳಿಯುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ನಿಲ್ಲಿಸುವುದನ್ನೂ ಮರೆಯುತ್ತದೆ.

ಥ್ರಾಟಲ್ ಬಾಡಿಯ ಒಳಗೋಡೆಗೆ ಎಮರಿ ಪೇಪರ್ ಹಾಕಿ ಉಜ್ಜಬೇಡಿ. ಹಲವು ಜಪಾನಿ ಬಾಡಿಗಳಲ್ಲಿ ಅಲ್ಲಿ ಕಪ್ಪು ಲೇಪ ಇರುತ್ತದೆ. ಕೊಳೆ ಎಂದು ತಿಳಿದು ಹೊಳೆಯುವವರೆಗೆ ಉಜ್ಜಿದವರ ಗಾಡಿ ಮತ್ತೆ ಸರಿಯಾಗಿ ಐಡ್ಲಿಂಗಿಗೆ ಬಂದದ್ದನ್ನು ನಾನು ನೋಡಿಲ್ಲ.

ಒಳಗಿರುವ ವಸ್ತು, ಯಾರಿಗೆ ಕಾಣುತ್ತದೆ ಎನ್ನಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ಬಿಡಿಭಾಗ ಜೋಡಿಸಿ ಗಾಡಿ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಸೇರಿತು.

ಮಾಡಬೇಕಾದ್ದು

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಸೆನ್ಸರ್ ಬಿಚ್ಚಲೇಬೇಕಾದರೆ ಅದರ ಜಾಗಕ್ಕೆ ಮೊಳೆಯಿಂದ ಗೀರಿ ಗುರುತು ಮಾಡಿ, ಅದೇ ಗುರುತಿಗೆ ಕೂರಿಸಿ. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ, ಸೆನ್ಸರಿನ ಮೇಲೆ ಹೊಡೆಯಬೇಡಿ. ಅದು ಪೆಟ್ರೋಲಿನಂತೆಯೇ ಹತ್ತಿಕೊಳ್ಳುವ ವಸ್ತು, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ.

ಕೇಬಲ್ ಹಾಕಿದ ಮೇಲೆ ಬೆರಳಿನಿಂದ ಒತ್ತಿ ನೋಡಿ. ಸ್ವಲ್ಪ ಪ್ಲೇ ಇರಲೇಬೇಕು, ಎಷ್ಟು ಎಂಬುದು ನಿಮ್ಮ ಮಾಡೆಲಿನ ಮ್ಯಾನ್ಯುಯಲ್‌ನಲ್ಲಿದೆ. ತಂತಿಯನ್ನು ವೀಣೆಯಂತೆ ಬಿಗಿದರೆ ಎಂಜಿನ್ ಮೌಂಟಿಂಗ್ ಮೇಲೆ ಅಲುಗಿದಾಗಲೆಲ್ಲ ಅದೇ ಥ್ರಾಟಲ್ ಎಳೆಯುತ್ತದೆ. ಔಟರ್ ಎಲ್ಲೂ ಚೂಪಾಗಿ ಮಡಿಯಬಾರದು, ಎಕ್ಸಾಸ್ಟ್‌ಗೆ ತಾಗಬಾರದು. ಕಾಲಡಿಯ ಮ್ಯಾಟ್ ತೆಗೆದು ನೋಡಿ. 2009ರಲ್ಲಿ ಟೊಯೋಟಾ ಅಮೆರಿಕದಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆದದ್ದು ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟಿನಿಂದಾಗಿಯೇ.

ಆಮೇಲಿನ ಪರೀಕ್ಷೆಯನ್ನು ಎಂಜಿನ್ ಆಫ್ ಇಟ್ಟೇ ಮಾಡಿ. ಒಬ್ಬರು ಪೆಡಲ್ ಪೂರ್ತಿ ತುಳಿದು ಥಟ್ಟನೆ ಬಿಡಲಿ, ನೀವು ಎಂಜಿನ್ ಬಳಿ ಕಿವಿ ಕೊಡಿ. ಲಿವರ್ ಸ್ಟಾಪಿಗೆ ಬಡಿದ 'ಟಕ್' ಎಂಬ ಸದ್ದು ಸ್ಪಷ್ಟವಾಗಿ ಬರಬೇಕು. 'ಸರ್‍ರ್' ಎಂದು ಜಾರಿ ಬಂದರೆ ಕೆಲಸ ಮುಗಿದಿಲ್ಲ. ಹತ್ತು ಸಲ ಮಾಡಿ, ಹತ್ತೂ ಸಲ ಕೇಳಿ. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಮತ್ತೆ ಕೇಳಿ.

ದಾರಿಯಲ್ಲಿ ಥ್ರಾಟಲ್ ಸಿಕ್ಕಿಕೊಂಡರೆ ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕೂಗಿದರೆ ಕೂಗಲಿ. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪಂಪ್ ಮಾಡಬೇಡಿ. ಥ್ರಾಟಲ್ ತೆರೆದೇ ಇರುವಾಗ ಬೂಸ್ಟರಿಗೆ ಹೊಸ ವ್ಯಾಕ್ಯೂಮ್ ಸಿಗುವುದಿಲ್ಲ, ಎರಡು ಮೂರು ಸಲಕ್ಕೆ ಇದ್ದದ್ದೂ ಖಾಲಿ. ಕೀಲಿಯನ್ನು ಆಫ್‌ವರೆಗೆ ಮಾತ್ರ ತಿರುಗಿಸಿ. ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ.

ಒಂದು ಎಳೆ ಬಿಚ್ಚಿದ ಕೇಬಲ್ ಕಂಡರೂ ಬದಲಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ, ಉಳಿದವರು ನಿಮ್ಮ ಊರಿನ ಮಾರುತಿ ಸ್ಪೇರ್ ಅಂಗಡಿಗೆ ಹಳೆಯ ಕೇಬಲನ್ನೇ ಹಿಡಿದು ಹೋಗಿ. ಕಾರ್ಬುರೇಟರ್ 800ರದ್ದೋ ಎಂಪಿಎಫ್‌ಐದೋ ಎಂದು ಹೇಳಿ, ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಉದ್ದ ಅಳೆದೇ ದುಡ್ಡು ಕೊಡಿ.