ಇಂಗ್ಲಿಷ್ ಬರುವ ಮೊದಲೇ ಮಗುವಿನ ಕಲಿಕೆ ಕಾಣಲಿ

ಶಾಲೆ ಶುರುವಾದ ಮೊದಲ ವಾರಗಳಲ್ಲಿ ಮಗುವಿನ ಬ್ಯಾಗಿನೊಳಗೆ ಒಂದು ಹಾಳೆ ಬರುತ್ತದೆ. ಅದರ ಮೇಲೊಂದು ಕ್ಯೂಆರ್ ಕೋಡ್, ಪಕ್ಕದಲ್ಲಿ ಸೀಸಾ ಎಂದೋ ಕ್ಲಾಸ್‌ಡೋಜೊ ಎಂದೋ ಹೆಸರು. ಜಾಹೀರಾತು ಇರಬೇಕೆಂದು ಅದನ್ನು ಪಕ್ಕಕ್ಕೆ ಸರಿಸಬೇಡಿ. ನಿಮ್ಮ ಮಗು ದಿನವಿಡೀ ತರಗತಿಯಲ್ಲಿ ಏನು ಮಾಡುತ್ತದೆ ಎಂಬುದು ಮನೆಯಲ್ಲಿ ಕೂತವರಿಗೆ ಕಾಣುವುದು ಆ ಕೋಡ್ ಸ್ಕ್ಯಾನ್ ಮಾಡಿದ ಮೇಲೆಯೇ. ಬೀದರ, ಭಾಲ್ಕಿ, ಔರಾದ ಕಡೆಯಿಂದ, ಠಾಣಾ ಕುಶನೂರಿನಂಥ ಊರುಗಳಿಂದ ಈಚೆಗೆ ಅಮೆರಿಕಕ್ಕೆ ಬಂದಿಳಿದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶಾಲೆಯವರು ಇದಕ್ಕೆ ಡಿಜಿಟಲ್ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಮಗು ಬರೆದದ್ದರ ಫೋಟೊ, ಬಿಡಿಸಿದ ಚಿತ್ರ, ಓದಿದ ಧ್ವನಿ, ಲೆಕ್ಕ ಬಿಡಿಸುತ್ತ ಮಾತಾಡಿದ ವಿಡಿಯೊ ಎಲ್ಲ ತಾರೀಖಿನ ಪ್ರಕಾರ ಒಂದೆಡೆ ಕೂಡುತ್ತ ಹೋಗುತ್ತವೆ. ಶಿಕ್ಷಕಿ ನೋಡಿ ಒಪ್ಪಿದ ಮೇಲೆ ಅದು ನಿಮ್ಮ ಫೋನಿಗೆ ಬರುತ್ತದೆ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಓದಿದ ಮಗು ನಿಮ್ಮ ಮನೆಯಲ್ಲಿದ್ದರೆ ಈ ವಿಚಾರ ನಿಮಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಆ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಯಾರು ಎಲ್ಲಿಗೆ ಬಂದರು ಎಂಬುದು ಗೋಡೆಯ ಪ್ರಗತಿ ನೋಟದಲ್ಲಿ ಕಾಣುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿದ ಮೇಲೆ ಪ್ರತಿ ಮಗುವಿಗೂ ಒಂದು ಕೃತಿ ಸಂಪುಟ ಇಡುವ ರೂಢಿ ಬಂತು. ಚಿತ್ರ, ಕಥೆ, ಕಲಿಕಾ ಹಾಳೆ ಎಲ್ಲ ಅದರೊಳಗೆ. ಎಷ್ಟೋ ಕಡೆ ಅದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ತೆಗೆದು ತೋರಿಸುವ ಫೈಲಾಗಿ ಉಳಿಯಿತು, ತಂದೆ-ತಾಯಿ ಅದನ್ನು ಬಿಡಿಸಿ ನೋಡಲೇ ಇಲ್ಲ. ಇಲ್ಲಿ ಹಾಗಾಗಬಾರದು ಎಂಬುದೇ ನನ್ನ ಕಳಕಳಿ.

ಕಾರಣ ಇಷ್ಟೇ. ಹೊಸದಾಗಿ ಬಂದ ಮಗುವಿಗೆ ಗೊತ್ತಿರುವುದು ಬಹಳ, ಇಂಗ್ಲಿಷಿನಲ್ಲಿ ಹೇಳಲು ಬರುವುದು ಸ್ವಲ್ಪ. ಪರೀಕ್ಷೆಯ ಹಾಳೆ ಆ ಸ್ವಲ್ಪವನ್ನೇ ಅಳೆಯುತ್ತದೆ. ಎರಡನೇ ಇಯತ್ತೆಯ ಒಬ್ಬ ಹುಡುಗಿಗೆ 42ರಲ್ಲಿ 17 ಕಳೆಯುವ ಲೆಕ್ಕ ಕೊಟ್ಟರು ಅನ್ನಿ. ಹಾಳೆಯ ಮೇಲೆ ಅವಳು ಬರೆಯುವುದು ಬರೀ 25. ಹೇಗೆ ಮಾಡಿದೆ, ವಿವರಿಸು ಎಂಬ ಸಾಲಿನ ಕೆಳಗೆ ಖಾಲಿ. ಶಿಕ್ಷಕಿಗೆ ಅನುಮಾನ: ಪಕ್ಕದವರದು ನೋಡಿ ಬರೆದಳೋ, ಗೊತ್ತಿದ್ದು ಬರೆದಳೋ? ಅದೇ ಹುಡುಗಿ ಟ್ಯಾಬ್ಲೆಟ್ಟಿನಲ್ಲಿ ಮೈಕಿನ ಗುರುತು ಒತ್ತಿ, ಪರದೆಯ ಮೇಲೆ ಗೆರೆ ಎಳೆಯುತ್ತ, "ಹದಿನೇಳಕ್ಕ ಮೂರು ಕೂಡಿಸಿದ್ರ ಇಪ್ಪತ್ತು. ಇಪ್ಪತ್ತಕ್ಕ ಇಪ್ಪತ್ತು ಕೂಡಿಸಿದ್ರ ನಲವತ್ತು. ಮತ್ತ ಎರಡು. ಒಟ್ಟು ಇಪ್ಪತ್ತೈದು" ಎಂದರೆ ಮಾತು ತಿಳಿಯದಿದ್ದರೂ ಗೆರೆಯ ಮೇಲೆ 17, 20, 40, 42 ಎಂದು ಅವಳು ಜಿಗಿದದ್ದು ಕಾಣುತ್ತದೆ. ಕಳೆಯುವ ಲೆಕ್ಕವನ್ನು ಕೂಡುತ್ತ ಹೋಗಿ ಬಿಡಿಸುವ ಈ ದಾರಿಯನ್ನು ಇಲ್ಲಿಯ ಗಣಿತ ತರಗತಿಗಳಲ್ಲಿ ಬೇಕೆಂದೇ ಕಲಿಸುತ್ತಾರೆ. ಅವಳಿಗೆ ಅದು ಆಗಲೇ ಕೈವಶ. ಆ ಧ್ವನಿಯ ಕೆಳಗೆ ನೀವು ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು ಹಾಕಿದರೆ ಕೆಲಸ ಮುಗಿಯಿತು.

ಆದ್ದರಿಂದ ಮೊದಲ ತಿಂಗಳಲ್ಲೇ ಶಿಕ್ಷಕಿಯನ್ನು ಕೇಳಿ: ಮಗು ಕೆಲವು ಕೆಲಸಗಳನ್ನು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಬಹುದೇ? ಮನೆಯಲ್ಲಿ ಕನ್ನಡದಲ್ಲಿ ಬರೆದ ಪುಟದ ಫೋಟೊ ಸೇರಿಸಬಹುದೇ? ಕೇಳಿದವರಿಗೆ ಹೂಂ ಎನ್ನುವ ಶಿಕ್ಷಕರು ಬೇಕಾದಷ್ಟು ಇದ್ದಾರೆ. ಕೇಳದಿದ್ದರೆ ಅವರಿಗೆ ಹೊಳೆಯುವುದೂ ಇಲ್ಲ.

ಕನ್ನಡ ಮುಂದಿಟ್ಟರೆ ಮಗು ಹಿಂದೆ ಬೀಳುತ್ತದೆ ಎಂಬ ಭಯ ಬೀದರ ಜಿಲ್ಲೆಯವರಿಗೆ ಬೇಡ. ನಮ್ಮ ಮುತ್ಯಾ, ಆಯಿಯರ ಕಾಲದಲ್ಲಿ ನಿಜಾಮರ ಆಡಳಿತ; ಸಾಲಿಯ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಆಗ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಅಲ್ಲಿ ಬಚ್ಚಿಟ್ಟು ಕಲಿಸಬೇಕಿದ್ದ ಭಾಷೆಯನ್ನು ಇಲ್ಲಿ ಮಗುವಿನ ಶಾಲಾ ದಾಖಲೆಯೊಳಗೇ ರಾಜಾರೋಷವಾಗಿ ಇಡಬಹುದು. ಆದರೂ ದಾಖಲಾತಿಯ ದಿನ ಮನೆಯ ಭಾಷೆ ಯಾವುದು ಎಂದು ಕೇಳುವ ಫಾರಂನಲ್ಲಿ ಇಂಗ್ಲಿಷ್ ಎಂದು ಬರೆಯುವ ಪಾಲಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಎಂದು ಬರೆಯಿರಿ. ಗಡಿಯ ಊರಿನವರಾಗಿ ಮನೆಯಲ್ಲಿ ಮರಾಠಿಯೋ ಉರ್ದುವೋ ನಡೆಯುತ್ತಿದ್ದರೆ ಅದನ್ನೂ ತಿಳಿಸಿ. ಆ ಉತ್ತರದ ಮೇಲೆಯೇ ಇಂಗ್ಲಿಷ್ ಮಟ್ಟದ ಪರೀಕ್ಷೆ ಆಗುತ್ತದೆ, ಅಗತ್ಯವಿದ್ದರೆ ಶಾಲೆಯ ಖರ್ಚಿನಲ್ಲೇ ಹೆಚ್ಚಿನ ಇಂಗ್ಲಿಷ್ ಪಾಠ ಸಿಗುತ್ತದೆ.

ಇನ್ನು ನೋಡುವ ಬಗೆ. ಫೋನಿಗೆ ಬಂದ ಚಿತ್ರಕ್ಕೆ ಒಂದು ಹೃದಯ ಒತ್ತಿ ಮುಂದೆ ಹೋಗುವುದಕ್ಕೆ ಇದನ್ನು ಮಾಡಿಲ್ಲ. ವಾರಕ್ಕೊಮ್ಮೆ, ಊಟವಾದ ಮೇಲೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಕೆಲಸ ಆರಿಸಿ. ಸೆಪ್ಟೆಂಬರಿನಲ್ಲಿ ಬರೆದ ಕಥೆಯನ್ನೂ ಡಿಸೆಂಬರಿನಲ್ಲಿ ಬರೆದದ್ದನ್ನೂ ಒಟ್ಟಿಗೆ ತೆರೆದು, ಏನು ಬದಲಾಯಿತು ಎಂದು ಮಗುವೇ ಹೇಳಲಿ. ಮೊದಲು ಮೂರು ಪದ, ಈಗ ಮೂರು ವಾಕ್ಯ. ಮೊದಲು ಬರೀ ಚಿತ್ರ, ಈಗ ಚಿತ್ರಕ್ಕೆ ಹೆಸರು. ಈ ಬೆಳವಣಿಗೆಯನ್ನು ಮಗು ತಾನೇ ಗುರುತಿಸುವುದು ಪೋರ್ಟ್‌ಫೋಲಿಯೊದ ಜೀವ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಹೊಸ ಪ್ರಗತಿ ಪತ್ರದಲ್ಲೂ ಮಗುವಿನ ಸ್ವಮೌಲ್ಯಮಾಪನಕ್ಕೆ ಜಾಗವಿದೆ. ತಪ್ಪು ಕಂಡರೆ ನೀವು ತಿದ್ದಿ ಚೊಕ್ಕ ಮಾಡಿ ಕಳಿಸಬೇಡಿ. ತಿದ್ದಿದ ಕೆಲಸ ನೋಡಿ ಶಿಕ್ಷಕಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ, ನಷ್ಟ ಮಗುವಿನದು. ಪಕ್ಕದ ಮನೆಯ ಮಗುವಿನ ಕೆಲಸದ ಜೊತೆ ಹೋಲಿಸುವುದಂತೂ ಬೇಡವೇ ಬೇಡ.

"ಎಷ್ಟು ಮಾರ್ಕ್ಸ್? ಎಷ್ಟನೇ ನಂಬರು?" ಎಂಬ ಪ್ರಶ್ನೆಗೆ ಪೋರ್ಟ್‌ಫೋಲಿಯೊದಲ್ಲಿ ಉತ್ತರ ಸಿಗುವುದಿಲ್ಲ. ಪಕ್ಕದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಂತೂ 2023ರಿಂದ 9ನೇ ತರಗತಿಯವರೆಗೆ ಎ, ಬಿ ಶ್ರೇಣಿಗಳನ್ನೇ ಬಿಟ್ಟಿದ್ದಾರೆ. ಪೋರ್ಟ್‌ಫೋಲಿಯೊಗೆ ಅಂಕ ಕೊಟ್ಟು ಶಾಲೆಗಳನ್ನು ಅಳೆಯಲು ಹೋದವರ ಅನುಭವವೂ ತಿಳಿದಿರಲಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ 4 ಮತ್ತು 8ನೇ ತರಗತಿಗಳಲ್ಲಿ ಬರವಣಿಗೆ, ಗಣಿತ ಎರಡಕ್ಕೂ ಇದನ್ನು ರಾಜ್ಯಮಟ್ಟದಲ್ಲಿ ತಂದಿತು. ಸಂಶೋಧಕ ಡೇನಿಯಲ್ ಕೊರೆಟ್ಜ್ ಮತ್ತು ರ‍್ಯಾಂಡ್ ಸಂಸ್ಥೆಯ ಸಂಗಡಿಗರು ಪರಿಶೀಲಿಸಿದಾಗ, ಒಂದೇ ಕೆಲಸಕ್ಕೆ ಇಬ್ಬರು ಮೌಲ್ಯಮಾಪಕರು ಕೊಟ್ಟ ಅಂಕ ಸಾಕಷ್ಟು ತಾಳೆಯಾಗಲಿಲ್ಲ. ಪಾಠ ಹೇಳುವ ರೀತಿ ಮಾತ್ರ ಸುಧಾರಿಸಿತೆಂದು ಶಿಕ್ಷಕರೇ ಹೇಳಿದರು. ಕೆಂಟಕಿ ರಾಜ್ಯವೂ ಬರವಣಿಗೆಯ ಪೋರ್ಟ್‌ಫೋಲಿಯೊವನ್ನು ಶಾಲೆಗಳ ಅಂಕಲೆಕ್ಕಕ್ಕೆ ಹಿಡಿದು, 2009ರಲ್ಲಿ ಆ ಲೆಕ್ಕದಿಂದ ಕೈಬಿಟ್ಟಿತು. ಹಾಗಾಗಿ ಶಿಕ್ಷಕಿ "ಚೆನ್ನಾಗಿದೆ" ಎಂದರೆ ಯಾವ ಮಾನದಂಡದ ಮೇಲೆ ಎಂದು ಕೇಳಿ. ರೂಬ್ರಿಕ್ ಎಂಬ ಮಾನದಂಡಗಳ ಪಟ್ಟಿ ಸಾಮಾನ್ಯವಾಗಿ ಇರುತ್ತದೆ, ಅದರ ಪ್ರತಿ ಕೇಳಿ. ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ರಾಜ್ಯಮಟ್ಟದ ಪರೀಕ್ಷೆ ಹೇಗೂ ಇದೆ. ಪರೀಕ್ಷೆಯ ಫಲಿತಾಂಶ, ಪೋರ್ಟ್‌ಫೋಲಿಯೊ ಎರಡನ್ನೂ ಮುಂದಿಟ್ಟುಕೊಂಡು ಮಾತಾಡಿ.

ಆ ಮಾತಿಗೆ ಪಾಲಕರ ಸಭೆ ಸರಿಯಾದ ಜಾಗ. ಸಿಗುವ ಸಮಯ ಬಹಳ ಕಡಿಮೆ. ಫೋನಿನಲ್ಲಿ ಎರಡು ಕೆಲಸ ತೆರೆದಿಟ್ಟುಕೊಂಡೇ ಒಳಗೆ ಹೋಗಿ: ಒಂದು ನಿಮಗೆ ಹೆಮ್ಮೆ ತಂದದ್ದು, ಇನ್ನೊಂದು ಅರ್ಥವಾಗದ್ದು. ಇಂಗ್ಲಿಷ್ ಮಾತು ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಸಾರ್ವಜನಿಕ ಶಾಲೆಗಳು ಅದನ್ನು ಉಚಿತವಾಗಿ ಒದಗಿಸಬೇಕು. ಮಗುವನ್ನೇ ದುಭಾಷಿ ಮಾಡಬೇಡಿ, ತನ್ನ ವಿಷಯದ ಕಷ್ಟದ ಮಾತನ್ನು ತಾನೇ ತಂದೆ-ತಾಯಿಗೆ ಹೇಳುವ ಭಾರ ಅದಕ್ಕೆ ಬೇಡ.

ಊರಿನ ವಾಟ್ಸಾಪ್ ಗುಂಪಿನ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿರಿ. ತರಗತಿಯ ಫೋಟೊದಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಅದನ್ನು ಠಾಣಾ ಕುಶನೂರಿನ ಬಳಗಕ್ಕೆಲ್ಲ ಕಳಿಸುವುದು ಆ ತಂದೆ-ತಾಯಿಯರ ಹಕ್ಕಿಗೆ ಕೈಹಾಕಿದಂತೆ. ಆಯಿಗೆ ತೋರಿಸಲೇಬೇಕೆಂದರೆ ನಿಮ್ಮ ಮಗುವಿನ ಧ್ವನಿ, ಬರಹ ಮಾತ್ರ ಕಳಿಸಿ. ಅಜ್ಜ-ಅಜ್ಜಿಯರನ್ನೂ ಖಾತೆಗೆ ಸೇರಿಸಲು ಒಪ್ಪುವ ಶಾಲೆಗಳೂ ಇವೆ. 13 ವರ್ಷದೊಳಗಿನ ಮಕ್ಕಳ ಆನ್‌ಲೈನ್ ಮಾಹಿತಿಗೆ ಅಮೆರಿಕದ 1998ರ ಕಾಯ್ದೆಯ ರಕ್ಷಣೆ ಇದೆ. ಶಾಲೆ ಇಟ್ಟ ದಾಖಲೆಯನ್ನು ನೋಡುವ ಹಕ್ಕನ್ನು 1974ರ ಕಾಯ್ದೆ ಪಾಲಕರಿಗೆ ಕೊಟ್ಟಿದೆ, ಕೇಳಿದ 45 ದಿನದೊಳಗೆ ತೋರಿಸಬೇಕು.

ವೀಸಾ, ಕೆಲಸದ ಕಾರಣಕ್ಕೆ ಮರಳಿ ಬೀದರಿಗೆ ಹೋಗುವ ಸಂದರ್ಭ ಬಂದರೆ ಅಲ್ಲಿಯ ಶಾಲೆ ಕೇಳುವುದು ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿ. ಆದರೂ ಎರಡು ವರ್ಷ ಮಗು ಏನು ಕಲಿಯಿತು ಎಂದು ಹೊಸ ಗುರುಗಳಿಗೆ ತೋರಿಸಲು ಪೋರ್ಟ್‌ಫೋಲಿಯೊ ಕೈಯಲ್ಲಿರಲಿ. ಶಾಲೆ ಬದಲಾದರೆ, ವರ್ಷ ಮುಗಿದರೆ ಹಳೆಯ ಖಾತೆ ನಿಮಗೆ ತೆರೆಯದೆ ಹೋಗಬಹುದು. ಬೇಸಿಗೆ ರಜೆ ಶುರುವಾಗುವ ಮೊದಲೇ ಇಡೀ ವರ್ಷದ ಕೆಲಸವನ್ನು ಇಳಿಸಿಕೊಂಡು, ತಾರೀಖು ಹಾಕಿ, ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.