ಪಡೆದು ಹಿಂತಿರುಗಿಸದ ತಂತ್ರಾಂಶ: ಸಂಪನ್ಮೂಲ ಸೋರಿಕೆಯನ್ನು ಪತ್ತೆಹಚ್ಚುವ ಬಗೆ

ನಮ್ಮ ಐಚ್ಛಿಕ ಕನ್ನಡ ತರಗತಿಯ ಐವರು ವಿದ್ಯಾರ್ಥಿಗಳು ಅಕ್ಕಲಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಸಂಗ್ರಹಿಸಿದ ಬೀಸುವ ಪದಗಳನ್ನು ವಿಭಾಗದ ಗಣಕದಲ್ಲಿ ಸಂಪಾದಿಸುತ್ತಿದ್ದಾರೆ. ಒಂದೇ ಹಾಡಿನ ನಾಲ್ಕಾರು ಪಾಠಗಳನ್ನು ಹೋಲಿಸಿ, ಪ್ರತಿ ತಿದ್ದುಪಡಿಗೂ ಕಾರಣ ಬರೆದಿಡಲು ಅವರು ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯನ್ನು ಬಳಸುತ್ತಾರೆ. ಆದೇಶಗಳನ್ನು ಬೆರಳಚ್ಚಿಸುವ ಕಷ್ಟ ತಪ್ಪಿಸಲು, ಕಿಟಕಿ ಗುಂಡಿಗಳಿರುವ ಒಂದು ತಂತ್ರಾಂಶವನ್ನು ಅದರ ಮೇಲೆ ಹಾಕಿಕೊಂಡಿದ್ದೇವೆ. ಅದು ಬೆಳಿಗ್ಗೆ ತೆರೆದರೆ ಸಂಜೆಯವರೆಗೂ ತೆರೆದೇ ಇರುತ್ತದೆ. ಸಂಜೆ ಗಣಕವನ್ನು ಆರಿಸುವ ಬದಲು ಮಲಗಿಸಿ ಹೋಗುವುದು ರೂಢಿಯಾದ್ದರಿಂದ, ಮರುದಿನವೂ ಅದೇ ತಂತ್ರಾಂಶ ಅದೇ ಸ್ಥಿತಿಯಲ್ಲಿ ಮುಂದುವರಿಯುತ್ತದೆ.

ಕಳೆದ ತಿಂಗಳು ಈ ತಂತ್ರಾಂಶ ಮೂರನೆಯ ದಿನಕ್ಕೊಮ್ಮೆ ಕೆಡತೊಡಗಿತು. ಮೊದಲು ಗುಂಡಿಗಳ ಮೇಲಿನ ಚಿತ್ರಗಳು ಮಾಯವಾಗುತ್ತಿದ್ದವು, ಬಳಿಕ ಕಿಟಕಿಯ ಒಂದು ಭಾಗ ಕಪ್ಪಾಗುತ್ತಿತ್ತು, ಕೊನೆಗೆ ಇಡೀ ತಂತ್ರಾಂಶವೇ ಮುಚ್ಚಿಹೋಗುತ್ತಿತ್ತು. ಮತ್ತೆ ತೆರೆದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಹೀಗಾಗಿ 'ಮುಚ್ಚಿ ತೆರೆದರಾಯಿತು' ಎಂಬುದೇ ಎಲ್ಲರ ಪರಿಹಾರವಾಗಿತ್ತು, ನನ್ನದೂ ಸಹ.

ಒಂದು ದಿನ ಒಬ್ಬ ವಿದ್ಯಾರ್ಥಿನಿಯ ಟಿಪ್ಪಣಿ ಹೋಯಿತು. ಅವಳು ಸಂಪಾದಿಸುತ್ತಿದ್ದ ಹಾಡಿನಲ್ಲಿ ಒಬ್ಬ ಅಜ್ಜಿ 'ತವರು' ಎನ್ನಬೇಕಾದ ಕಡೆ 'ಮಾಹೇರ' ಎಂಬ ಮರಾಠಿ ಮಾತನ್ನು ಹಾಡಿದ್ದಳು. ಬೇರೆ ಪಾಠಗಳಲ್ಲಿ 'ತವರು' ಎಂದೇ ಇದೆ. ಅದನ್ನು ತಪ್ಪೆಂದು ತಿದ್ದದೆ ಉಳಿಸಿಕೊಂಡದ್ದೇಕೆ ಎಂಬುದನ್ನು ವಿದ್ಯಾರ್ಥಿನಿ ಕಮಿಟ್ ಟಿಪ್ಪಣಿಯ ಚೌಕದಲ್ಲಿ ವಿವರವಾಗಿ ಬರೆದಿದ್ದಳು: ಅಜ್ಜಿಯ ತವರೂರು ಮರಾಠಿ ಮಾತಿನದು, ಉಳಿದ ಹಾಡುಗಳಲ್ಲಿ ಆಕೆಯೂ 'ತವರು' ಎಂದೇ ಹಾಡುತ್ತಾಳೆ, ತನ್ನ ತಾಯಿಯನ್ನು ನೆನೆಯುವ ಈ ಒಂದು ಹಾಡಿನಲ್ಲಿ ಮಾತ್ರ ಮಾತು ಬದಲಾಗುತ್ತದೆ. ಗುಂಡಿ ಒತ್ತುವ ಮೊದಲೇ ತಂತ್ರಾಂಶ ಮುಚ್ಚಿಕೊಂಡಿತು. ಹಾಡಿನ ಪಠ್ಯಕ್ಕೆ ಏನೂ ಆಗಿರಲಿಲ್ಲ, ಅದು ಡಿಸ್ಕಿನಲ್ಲಿ ಭದ್ರವಾಗಿತ್ತು. ಹೋದದ್ದು ಕಾರಣ. ಗ್ರಂಥ ಸಂಪಾದನೆಯನ್ನು ಓದಿದ ನಿಮಗೆ ಇದರ ಬೆಲೆಯನ್ನು ನಾನು ಹೇಳಬೇಕಿಲ್ಲ. ಅವಳು ಮತ್ತೆ ಬರೆದಳು. ಎರಡನೆಯ ಬಾರಿ ಬರೆದದ್ದು ಮೊದಲಿನದರ ಅರ್ಧವೂ ಇರಲಿಲ್ಲವೆಂದು ಅವಳೇ ಹೇಳಿದಳು. ಈ ಪಾಠ ಹುಟ್ಟಿದ್ದು ಆ ಮಾತಿನಿಂದ.

ಸೋರಿಕೆ ಎಂದರೇನು? ಚಾಲನೆಯಲ್ಲಿರುವ ಪ್ರತಿ ತಂತ್ರಾಂಶವೂ ಗಣಕದ ಕಾರ್ಯಾಚರಣಾ ವ್ಯವಸ್ಥೆಯಿಂದ ಹಲವು ವಸ್ತುಗಳನ್ನು ಕಡ ಪಡೆಯುತ್ತದೆ. ಸ್ಮೃತಿಯ ತುಂಡುಗಳು, ತೆರೆದ ಕಡತಗಳು, ಪರದೆಯ ಮೇಲೆ ಅಕ್ಷರ ಮತ್ತು ಗೆರೆ ಬರೆಯಲು ಬೇಕಾದ ಲೇಖನಿ, ಕುಂಚ, ಅಚ್ಚುಗಳು, ತನ್ನ ಕೆಳಗೆ ಕೆಲಸ ಮಾಡುವ ಚಿಕ್ಕ ಕಾರ್ಯಕ್ರಮಗಳು, ಇವೆಲ್ಲ ಅಂಥ ಕಡಗಳು. ಗ್ರಂಥಾಲಯದಲ್ಲಿ ಪುಸ್ತಕ ಪಡೆದಾಗ ನಿಮ್ಮ ಹೆಸರಿನಲ್ಲಿ ಒಂದು ಚೀಟಿ ಏಳುತ್ತದೆಯಲ್ಲವೇ, ಹಾಗೆಯೇ ಇಲ್ಲಿಯೂ ಪ್ರತಿ ಕಡಕ್ಕೆ ಒಂದು ಸಂಖ್ಯೆ ಸಿಗುತ್ತದೆ. ವಿಂಡೋಸ್‌ನಲ್ಲಿ ಅದರ ಹೆಸರು ಹ್ಯಾಂಡಲ್. ಕೆಲಸ ಮುಗಿದ ಮೇಲೆ ವಸ್ತುವನ್ನು ಹಿಂತಿರುಗಿಸುವುದು ತಂತ್ರಾಂಶದ ಹೊಣೆ. ಹಿಂತಿರುಗಿಸುವುದನ್ನು ಮರೆತು ಹೊಸದನ್ನು ಪಡೆಯುತ್ತಲೇ ಹೋದರೆ ಅದು ಸೋರಿಕೆ. ಹೆಚ್ಚು ಪಡೆಯುವುದು ದೋಷವಲ್ಲ, ಪಡೆದದ್ದನ್ನು ಕೊಡದಿರುವುದು ದೋಷ. ಹತ್ತು ನಿಮಿಷ ನಡೆದು ಮುಗಿಯುವ ತಂತ್ರಾಂಶದಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ತಂತ್ರಾಂಶ ಮುಗಿದಾಗ ವ್ಯವಸ್ಥೆಯೇ ಎಲ್ಲ ಕಡವನ್ನೂ ವಸೂಲು ಮಾಡಿಕೊಳ್ಳುತ್ತದೆ. ದಿನಗಟ್ಟಲೆ ತೆರೆದಿರುವ ತಂತ್ರಾಂಶದಲ್ಲಿ ಅದೇ ಚಿಕ್ಕ ಮರೆವು ಸಂಚಯವಾಗಿ ಕುಸಿತಕ್ಕೆ ಕಾರಣವಾಗುತ್ತದೆ. ಮುಚ್ಚಿ ತೆರೆದರೆ ಗುಣವಾಗುವುದೂ ಇದೇ ಕಾರಣಕ್ಕೆ. ಅದು ಲೆಕ್ಕವನ್ನು ಸೊನ್ನೆಗೆ ತರುತ್ತದೆಯೇ ಹೊರತು ಮರೆವನ್ನು ತಿದ್ದುವುದಿಲ್ಲ.

ಅರ್ಧ ಶಾಲೆಯನ್ನು ಮರಾಠಿಯಲ್ಲಿ ಕಲಿತ ನನಗೆ ಇಲ್ಲಿ ಒಂದು ಶಬ್ದ ನೆನಪಾಗುತ್ತದೆ. ನಲ್ಲಿಯಿಂದ ನೀರು ಸೋರುವುದಕ್ಕೂ ಮಕ್ಕಳು ಶಾಲೆ ಬಿಟ್ಟುಹೋಗುವುದಕ್ಕೂ ಮರಾಠಿಯಲ್ಲಿ 'ಗಳತಿ' ಎಂಬ ಒಂದೇ ಮಾತು. ಯಾವುದೋ ಒಂದು ದಿನದ ಹಾಜರಿಯನ್ನು ನೋಡಿದರೆ ಗಳತಿ ತಿಳಿಯದು, ಆ ದಿನ ಜಾತ್ರೆಯಿದ್ದೀತು, ಮಳೆಯಿದ್ದೀತು. ಜೂನ್ ತಿಂಗಳ ಪಟ್ಟಿಯನ್ನೂ ಮಾರ್ಚ್ ತಿಂಗಳ ಪಟ್ಟಿಯನ್ನೂ ಎದುರುಬದುರು ಇಟ್ಟಾಗಲೇ ಅದು ಕಾಣುತ್ತದೆ. ತಂತ್ರಾಂಶದ ಸೋರಿಕೆಯೂ ಹಾಗೆಯೇ. ಗಣಕ ಭಾರವಾದ ಹೊತ್ತಿನಲ್ಲಿ ಗಾಬರಿಯಿಂದ ನೋಡಿದ ಒಂದು ಅಂಕಿಯಿಂದ ಏನೂ ಸಿದ್ಧವಾಗುವುದಿಲ್ಲ. ಒಂದೇ ಕೆಲಸದ ಮೊದಲು ಮತ್ತು ನಂತರ ತೆಗೆದ ಎರಡು ಅಂಕಿಗಳು ಬೇಕು.

ಆ ಅಂಕಿಗಳನ್ನು ನೋಡಲು ಹೊಸ ಉಪಕರಣವೇನೂ ಬೇಡ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು ತೆರೆದು 'ಡೀಟೇಲ್ಸ್' ವಿಭಾಗಕ್ಕೆ ಹೋಗಿ, ಪಟ್ಟಿಯ ತಲೆಸಾಲಿನ ಮೇಲೆ ಇಲಿಯ ಬಲಗುಂಡಿಯನ್ನು ಒತ್ತಿದರೆ 'ಸೆಲೆಕ್ಟ್ ಕಾಲಮ್ಸ್' ಎಂಬ ಆಯ್ಕೆ ಬರುತ್ತದೆ. ಅಲ್ಲಿ 'ಹ್ಯಾಂಡಲ್ಸ್', 'ಥ್ರೆಡ್ಸ್', 'ಯೂಸರ್ ಆಬ್ಜೆಕ್ಟ್ಸ್', 'ಜಿಡಿಐ ಆಬ್ಜೆಕ್ಟ್ಸ್', 'ಕಮಿಟ್ ಸೈಜ್' ಎಂಬ ಕಾಲಮುಗಳನ್ನು ಸೇರಿಸಿಕೊಳ್ಳಿ. ಕೊನೆಯದರಲ್ಲಿರುವ 'ಕಮಿಟ್' ಗಿಟ್‌ನ ಕಮಿಟ್ ಅಲ್ಲ. ಅದು ತಂತ್ರಾಂಶಕ್ಕಾಗಿ ವ್ಯವಸ್ಥೆ ಕಾದಿರಿಸಿದ ಸ್ಮೃತಿಯ ಅಳತೆ. ಯೂಸರ್ ಆಬ್ಜೆಕ್ಟುಗಳೆಂದರೆ ಕಿಟಕಿ, ಪಟ್ಟಿ ಮೊದಲಾದವು. ಜಿಡಿಐ ಆಬ್ಜೆಕ್ಟುಗಳೆಂದರೆ ಚಿತ್ರಿಸುವ ಸಾಮಗ್ರಿ, ಅಂದರೆ ಅಕ್ಷರದ ಅಚ್ಚು, ಕುಂಚ, ಚಿತ್ರಫಲಕ. ಈ ಎರಡಕ್ಕೂ ವಿಂಡೋಸ್ ಒಂದೊಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ 10,000ದ ಮಿತಿ ಇಟ್ಟಿದೆ. ಗಣಕದಲ್ಲಿ ಸ್ಮೃತಿ ಎಷ್ಟೇ ಖಾಲಿಯಿರಲಿ, ಈ ಮಿತಿ ತುಂಬಿದ ಮೇಲೆ ಹೊಸ ಅಚ್ಚು ಸಿಗದು. ನಮ್ಮ ಗುಂಡಿಗಳ ಚಿತ್ರ ಮೊದಲು ಮಾಯವಾದದ್ದನ್ನು ಇಲ್ಲಿ ನೆನಪಿಸಿಕೊಳ್ಳಿ. ಸ್ಮೃತಿ ಸಾಲದೆ ಬಂದ ಕಷ್ಟ ಇಡೀ ಗಣಕವನ್ನು ನಿಧಾನ ಮಾಡುತ್ತದೆ, ಚಿತ್ರಸಾಮಗ್ರಿ ಸಾಲದೆ ಬಂದ ಕಷ್ಟ ಒಂದೇ ತಂತ್ರಾಂಶದ ಮುಖವನ್ನು ಕೆಡಿಸುತ್ತದೆ. ಲಕ್ಷಣವೇ ಅರ್ಧ ದಾರಿ ತೋರಿಸಿತ್ತು, ನಾವು ಓದಿರಲಿಲ್ಲ.

ಪ್ರಯೋಗವನ್ನು ಹೀಗೆ ಮಾಡಿದೆವು. ತಂತ್ರಾಂಶವನ್ನು ಹೊಸದಾಗಿ ತೆರೆದು, ಎರಡು ಪಾಠಗಳನ್ನು ಹೋಲಿಸುವ ಕಿಟಕಿಯನ್ನು ಒಮ್ಮೆ ತೆರೆದು ಮುಚ್ಚಿದೆವು. ಮೊದಲ ಸಲ ತಂತ್ರಾಂಶ ತನಗೆ ಮುಂದೆಯೂ ಬೇಕಾಗುವ ಸಾಮಗ್ರಿಯನ್ನು ತಂದಿಟ್ಟುಕೊಳ್ಳುವುದರಿಂದ ಆ ಏರಿಕೆಯನ್ನು ಸೋರಿಕೆಯೆಂದು ಎಣಿಸಬಾರದು. ಆಗ ಜಿಡಿಐ ಎಣಿಕೆ 700 ಇತ್ತು. ಅದೇ ಕಿಟಕಿಯನ್ನು 20 ಬಾರಿ ತೆರೆದು ಮುಚ್ಚಿದಾಗ 1,260 ಆಯಿತು. ಮತ್ತೆ 20 ಬಾರಿಗೆ 1,820. ಅರ್ಧ ಗಂಟೆ ಏನೂ ಮುಟ್ಟದೆ ಬಿಟ್ಟೆವು, 1,820ರಿಂದ ಕದಲಲಿಲ್ಲ. ಸಂಗ್ರಹಕ್ಕೂ ಸೋರಿಕೆಗೂ ಇರುವ ಭೇದ ಇದೇ. ಸಂಗ್ರಹ ಒಂದು ಮಟ್ಟಕ್ಕೆ ಏರಿ ನಿಲ್ಲುತ್ತದೆ, ಸೋರಿಕೆ ಪ್ರತಿ ಸುತ್ತಿಗೂ ಅಷ್ಟಷ್ಟೇ ಏರುತ್ತದೆ. ನಮ್ಮಲ್ಲಿ ಒಂದು ಹೋಲಿಕೆಗೆ 28 ವಸ್ತುಗಳು ಹೋಗುತ್ತಿದ್ದವು. 700ರಿಂದ 10,000ಕ್ಕೆ 9,300. ಅದನ್ನು 28ರಿಂದ ಭಾಗಿಸಿದರೆ ಸುಮಾರು 332 ಹೋಲಿಕೆಗಳು. ಐವರು ದಿನಕ್ಕೆ ತಲಾ 25 ಹೋಲಿಕೆ ಮಾಡಿದರೆ 125. ಎರಡು ದಿನಕ್ಕೆ 250, ಮೂರನೆಯ ದಿನ ಮಧ್ಯಾಹ್ನ 332 ದಾಟುತ್ತದೆ. ಮೂರನೆಯ ದಿನದ ಒಗಟು ಕರಿಹಲಗೆಯ ಮೇಲೆ ಹೀಗೆ ಬಿಡಿಸಿಕೊಂಡಾಗ ತರಗತಿಯಲ್ಲಿ ಎದ್ದ ಸದ್ದನ್ನು ಛಂದಸ್ಸಿನ ಪಾಠದಲ್ಲಿ ನಾನು ಎಂದೂ ಕೇಳಿಲ್ಲ.

ಇನ್ನು ಉಳಿದ ಕಾಲಮುಗಳು. ಹ್ಯಾಂಡಲ್ ಎಣಿಕೆ ಸ್ವಲ್ಪ ಏರಿ ಇಳಿದು ಅಲ್ಲಿಯೇ ಇತ್ತು. ಆದ್ದರಿಂದ ಕಡತಗಳನ್ನು ತೆರೆದು ಬಿಟ್ಟಿಲ್ಲ ಎಂದಾಯಿತು. ಯೂಸರ್ ಆಬ್ಜೆಕ್ಟುಗಳ ಎಣಿಕೆ ಮಾತ್ರ ಜಿಡಿಐ ಜೊತೆಗೇ ಏರುತ್ತಿತ್ತು. ಕಿಟಕಿಗಳನ್ನು ಎಣಿಸುವ ಕಾಲಮು ಏರುತ್ತಿದೆಯೆಂದರೆ, ಮುಚ್ಚಿದೆವೆಂದು ನಾವು ತಿಳಿದ ಕಿಟಕಿಗಳು ನಿಜವಾಗಿ ಮುಚ್ಚಿಲ್ಲ ಎಂಬ ಅನುಮಾನ ಬರಬೇಕು. ಆಗ ಒಬ್ಬ ವಿದ್ಯಾರ್ಥಿ, ಎಸ್ಕೇಪ್ ಕೀಲಿಯ ಬದಲು ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚಿ ನೋಡೋಣವೇ ಎಂದ. ಹಾಗೆ 20 ಬಾರಿ ಮಾಡಿದಾಗ ಎರಡೂ ಎಣಿಕೆಗಳು ಪ್ರತಿ ಸಲ ಮೊದಲಿನ ಮಟ್ಟಕ್ಕೆ ಮರಳಿದವು. ಎಸ್ಕೇಪ್ ಒತ್ತಿದಾಗ ಕಿಟಕಿ ಕಣ್ಣಿಗೆ ಮರೆಯಾಗುತ್ತಿತ್ತು, ನಾಶವಾಗುತ್ತಿರಲಿಲ್ಲ. ಮುಂದಿನ ಹೋಲಿಕೆಗೆ ಹಳೆಯದನ್ನು ಬಳಸದೆ ಹೊಸ ಕಿಟಕಿಯೊಂದು ಹುಟ್ಟುತ್ತಿತ್ತು. ಎಸ್ಕೇಪ್ ಕೀಲಿಯಿಂದ ಬೇಗ ಮುಚ್ಚಬಹುದೆಂದು ಈ ವರ್ಷ ಅವರಿಗೆಲ್ಲ ಹೇಳಿಕೊಟ್ಟವನು ನಾನೇ. ಕಳೆದ ವರ್ಷದ ತಂಡಕ್ಕೆ ಈ ತೊಂದರೆ ಏಕೆ ಬರಲಿಲ್ಲವೆಂಬುದಕ್ಕೂ ಉತ್ತರ ಸಿಕ್ಕಂತಾಯಿತು.

ಕಿಟಕಿ ನಾಶವಾಗದೆ ಉಳಿಯುವುದಕ್ಕೆ ತಂತ್ರಾಂಶಗಳಲ್ಲಿ ಸಾಮಾನ್ಯವಾದ ಮತ್ತೊಂದು ಕಾರಣವೂ ಇದೆ. ಆವೃತ್ತಿ ನಿಯಂತ್ರಣ ತಂತ್ರಾಂಶದ ಒಂದು ಭಾಗ ಕಡತಗಳ ಬದಲಾವಣೆಯನ್ನು ಕಾಯುತ್ತಿರುತ್ತದೆ. ತೆರೆದ ಪ್ರತಿ ಕಿಟಕಿಯೂ 'ಬದಲಾವಣೆಯಾದರೆ ನನಗೆ ತಿಳಿಸು' ಎಂದು ಅದರ ಬಳಿ ಹೆಸರು ನೋಂದಾಯಿಸುತ್ತದೆ. ಮುಚ್ಚುವಾಗ ಹೆಸರನ್ನು ತೆಗೆಸದಿದ್ದರೆ, ಊರು ಬಿಟ್ಟ ಚಂದಾದಾರನ ಹಳೆಯ ವಿಳಾಸಕ್ಕೆ ಮಾಸಪತ್ರಿಕೆ ಹೋಗುತ್ತಲೇ ಇರುವಂತೆ, ಸತ್ತ ಕಿಟಕಿಗೆ ಸುದ್ದಿ ಹೋಗುತ್ತಲೇ ಇರುತ್ತದೆ. ಪಟ್ಟಿಯಲ್ಲಿ ಹೆಸರಿರುವವರೆಗೆ ಅದರ ಸ್ಮೃತಿ ಬಿಡುಗಡೆಯಾಗದು. ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಬೇಡವಾದ ಸ್ಮೃತಿಯನ್ನು ಗುಡಿಸುವ ವ್ಯವಸ್ಥೆ ತಾನಾಗಿಯೇ ಇದೆ ನಿಜ. ಆದರೆ ಯಾರಾದರೂ ಹಿಡಿದುಕೊಂಡಿರುವುದನ್ನು ಅದು ಗುಡಿಸುವುದಿಲ್ಲ. ಮೇಲಾಗಿ ಅದು ತನಗೆ ಬೇಕಾದಾಗ ಗುಡಿಸುವುದರಿಂದ ಸ್ಮೃತಿಯ ಅಂಕಿ ಏರಿಳಿಯುತ್ತಿರುತ್ತದೆ. ಅದಕ್ಕೇ ನಾನು ಸ್ಮೃತಿಗಿಂತ ವಸ್ತುಗಳ ಎಣಿಕೆಯನ್ನು ಹೆಚ್ಚು ನಂಬುತ್ತೇನೆ.

ನಿಮ್ಮ ಗಣಕದಲ್ಲಿ ಸೋರಿಕೆ ಬೇರೆ ಬಗೆಯದಾಗಿರಬಹುದು. ಹ್ಯಾಂಡಲ್ ಎಣಿಕೆ ಏರುತ್ತಿದ್ದು, ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವಾಗ ಕಡತ ಬಳಕೆಯಲ್ಲಿದೆ, ಅಳಿಸಲಾಗದು ಎಂಬ ದೂರು ಬಂದರೆ, ತಂತ್ರಾಂಶ ಕಡತವನ್ನು ಓದಿ ಮುಚ್ಚದೆ ಬಿಟ್ಟಿರುತ್ತದೆ. ರಿಸೋರ್ಸ್ ಮಾನಿಟರ್‌ನ ಸಿಪಿಯು ವಿಭಾಗದಲ್ಲಿ ಹ್ಯಾಂಡಲ್‌ಗಳನ್ನು ಹುಡುಕುವ ಚೌಕವಿದೆ. ಅಲ್ಲಿ ಕಡತದ ಹೆಸರು ಕೊಟ್ಟರೆ ಹಿಡಿದುಕೊಂಡವರು ಯಾರೆಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಒಂದು ತಂತ್ರಾಂಶ ತೆರೆದಿಡಬಹುದಾದ ಕಡತಗಳ ಮಿತಿ ಸಾಮಾನ್ಯವಾಗಿ 1,024. ಅಲ್ಲಿ ಸೋರಿಕೆ ಬೇಗ ಬಯಲಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಗಿಟ್ ಎಂಬ ಹೆಸರಿನ ಹತ್ತಾರು ಸಾಲುಗಳು ಕೆಲಸವಿಲ್ಲದೆ ನಿಂತಿದ್ದರೆ, ದೂರದ ಭಂಡಾರದಿಂದ ಹೊಸದನ್ನು ತರಲು ಹೊರಟು, ಕಾಣದ ಕಿಟಕಿಯಲ್ಲಿ ಗುಪ್ತಪದ ಕೇಳುತ್ತ ನಿಂತ ಪ್ರಕ್ರಿಯೆಗಳಾಗಿರಬಹುದು. ತಾನಾಗಿ ತರುವ ಸೌಲಭ್ಯವನ್ನು ನಿಲ್ಲಿಸಿ ನೋಡಿದರೆ ಖಚಿತವಾಗುತ್ತದೆ. ತಂತ್ರಾಂಶ ಅರ್ಧದಲ್ಲಿ ಬಿದ್ದಾಗ 'ಇಂಡೆಕ್ಸ್.ಲಾಕ್' ಎಂಬ ಬೀಗದ ಕಡತ ಉಳಿದುಬಿಡುವುದುಂಟು. ಗಿಟ್‌ನ ಯಾವ ಪ್ರಕ್ರಿಯೆಯೂ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಅಳಿಸಬೇಕು.

ತಯಾರಕರಿಗೆ ನಾವು ವರದಿ ಕಳಿಸಿದ್ದೇವೆ. ಮೊದಲ ಕರಡಿನಲ್ಲಿ 'ನಿಮ್ಮ ತಂತ್ರಾಂಶ ಬಹಳ ನಿಧಾನ, ಪದೇ ಪದೇ ಬೀಳುತ್ತದೆ' ಎಂದಿತ್ತು. ಅದು ದೂರು, ವರದಿಯಲ್ಲ. ತಂತ್ರಾಂಶದ ಆವೃತ್ತಿ, ವಿಂಡೋಸ್‌ನ ಆವೃತ್ತಿ, ಯಾವ ಕಿಟಕಿ, ಯಾವ ಕೀಲಿ, ಎಷ್ಟು ಬಾರಿ, ಮೊದಲ ಎಣಿಕೆ, ಕೊನೆಯ ಎಣಿಕೆ, ಬೇರೆ ರೀತಿ ಮುಚ್ಚಿದರೆ ಏನಾಗುತ್ತದೆ, ಇಷ್ಟನ್ನು ಹತ್ತು ವಾಕ್ಯಗಳಲ್ಲಿ ಬರೆಯಲು ಮೂರು ಕರಡುಗಳು ಬೇಕಾದವು. ಓದಿದವನು ನಮ್ಮನ್ನು ಕೇಳದೆಯೇ ತನ್ನ ಮೇಜಿನ ಮೇಲೆ ಅದೇ ಸೋರಿಕೆಯನ್ನು ಕಾಣಬೇಕು. ಊಹೆಯನ್ನು ಊಹೆಯೆಂದೇ ಬರೆಯಬೇಕು. ಕಿಟಕಿ ಮರೆಯಾಗುತ್ತದೆ, ನಾಶವಾಗುವುದಿಲ್ಲ ಎಂಬುದು ಎಣಿಕೆಯಿಂದ ನಾವು ತೆಗೆದ ತೀರ್ಮಾನ. ಅವರ ಮೂಲ ಸಂಕೇತವನ್ನು ನಾವು ಕಂಡಿಲ್ಲ.

ಉತ್ತರ ಬರುವವರೆಗೆ ಮೂರು ನಿಯಮ ಮಾಡಿಕೊಂಡಿದ್ದೇವೆ. ಹೋಲಿಕೆಯ ಕಿಟಕಿಯನ್ನು ಎಸ್ಕೇಪ್‌ನಿಂದ ಮುಚ್ಚತಕ್ಕದ್ದಲ್ಲ. ಸಂಜೆ ತಂತ್ರಾಂಶವನ್ನು ಪೂರ್ತಿ ಮುಚ್ಚಿಯೇ ಗಣಕವನ್ನು ಮಲಗಿಸಬೇಕು. ಪಾಠಾಂತರದ ಕಾರಣವನ್ನು ಟಿಪ್ಪಣಿಯ ಚೌಕದಲ್ಲಿ ನೇರವಾಗಿ ಬರೆಯದೆ, ಮೊದಲು ಬೇರೊಂದು ಪಠ್ಯ ಕಡತದಲ್ಲಿ ಬರೆದು ಉಳಿಸಿ ಆಮೇಲೆ ಅಲ್ಲಿಗೆ ತರಬೇಕು. ಗಿಟ್‌ನ ಕಮಿಟ್ ಆದೇಶಕ್ಕೆ ಟಿಪ್ಪಣಿಯನ್ನು ಕಡತದಿಂದಲೇ ಓದಿಕೊಳ್ಳುವ ಸೌಲಭ್ಯವಿದೆ, ಆದೇಶ ಬರೆಯಲು ಅಂಜದವರು ಅದನ್ನು ಬಳಸಬಹುದು. ಗಣಕದ ಪಕ್ಕದಲ್ಲಿ ಒಂದು ನೋಟುಬುಕ್ಕು ಇಟ್ಟಿದೆ. ಸಂಜೆ ಕೊನೆಗೆ ಏಳುವವರು ದಿನಾಂಕ, ಹೋಲಿಕೆಗಳ ಸಂಖ್ಯೆ, ಜಿಡಿಐ ಮತ್ತು ಯೂಸರ್ ಎಣಿಕೆಗಳನ್ನು ಬರೆದು ಸಹಿ ಹಾಕಬೇಕು. ಹೊಸ ಆವೃತ್ತಿ ಬಂದ ದಿನ ಇದೇ 20 ಬಾರಿಯ ಪ್ರಯೋಗವನ್ನು ಎಸ್ಕೇಪ್ ಕೀಲಿಯಿಂದಲೇ ಮತ್ತೆ ಮಾಡೋಣ.

'ಮಾಹೇರ'ದ ಅಜ್ಜಿಯ ಊರಿಗೆ ಆ ವಿದ್ಯಾರ್ಥಿನಿ ಬರುವ ಭಾನುವಾರ ಮತ್ತೆ ಹೋಗುತ್ತಿದ್ದಾಳೆ. ಜೊತೆಗೆ ಹೋಗುವವರು ಶುಕ್ರವಾರದೊಳಗೆ ವಿಭಾಗದಲ್ಲಿ ಹೆಸರು ಕೊಡಿ.